ಫ್ಯೂಸು ಪ್ಯಾನಲ್ ಹತ್ರ ಅಲ್ಲ, ಬ್ಯಾಟ್ರಿ ಹತ್ರ ಇರ್ಬೇಕು

ಪ್ರಶ್ನೆ: ಸಾರ್, ನಮ್ದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮಳೆಗಾಲದಲ್ಲಿ ಕರೆಂಟು ಹೋದ್ರೆ ಯಾವಾಗ ಬರತ್ತೋ ಗೊತ್ತಿಲ್ಲ, ಅದಕ್ಕೆ 100 ವ್ಯಾಟ್ ಸೋಲಾರ್ ಪ್ಯಾನಲ್ ಒಂದು, ಪ್ಯಾನಲಿಂದ ಬ್ಯಾಟ್ರಿಗೆ ಹೋಗೋ ಚಾರ್ಜನ್ನ ಹತೋಟೀಲಿಡೋ 10 ಆಂಪಿಯರ್ ಚಾರ್ಜ್ ಕಂಟ್ರೋಲರ್, 12 ವೋಲ್ಟಿನ 60 ಎಎಚ್ (ಆಂಪಿಯರ್-ಅವರ್) ಬ್ಯಾಟ್ರಿ ಹಾಕಿದೀನಿ. ನಾಲ್ಕು ಎಲ್ಇಡಿ ಬಲ್ಬು, ಒಂದು ಡಿಸಿ ಫ್ಯಾನು ಓಡತ್ತೆ. ಪ್ಯಾನಲ್ ವೈರಿಗೆ 10 ಆಂಪಿಯರ್ ಫ್ಯೂಸಿದೆ, ಬ್ಯಾಟ್ರಿಗೆ ನೇರ ವೈರು. ಸಾಕಾ? ಮನೇಲಿ ಉಳಿದಿರೋ ಎಂಸಿಬಿ (ಕರೆಂಟು ಜಾಸ್ತಿ ಹರಿದ್ರೆ ತಾನಾಗೇ ಬೀಳೋ ಸ್ವಿಚ್ಚು) ಹಾಕ್ಬೋದಾ?

ಉತ್ತರ: ಸಾಕಾಗಲ್ಲ, ದಯವಿಟ್ಟು ಬೇಗ ಸರಿ ಮಾಡ್ಕೊಳ್ಳಿ. ನಿಮ್ಮ 100 ವ್ಯಾಟ್ ಪ್ಯಾನಲಿನ ಎರಡೂ ವೈರು ತಾಗಿಸಿ ಹಿಡಿದ್ರೂ ಅದು ಕೊಡೋದು ಸುಮಾರು 6 ಆಂಪಿಯರ್ ಅಷ್ಟೇ, ಅಂದ್ಮೇಲೆ ಅಲ್ಲಿರೋ 10 ಆಂಪಿಯರ್ ಫ್ಯೂಸು ಅದರಿಂದ ಯಾವತ್ತೂ ಹೋಗಲ್ಲ, ಒಂದೇ ಪ್ಯಾನಲ್ ಇದ್ರೆ ಅದು ಬೇಕಾಗೂ ಇಲ್ಲ. ಅಪಾಯ ಇರೋದು ಬ್ಯಾಟ್ರಿ ಕಡೆ. ಬರೀ 12 ವೋಲ್ಟು ಏನಾಗತ್ತೆ ಅಂತ ಜನ ಅಂದ್ಕೊಳ್ತಾರೆ, ಶಾಕ್ ಹೊಡೆಯಲ್ಲ ನಿಜ, ಆದ್ರೆ ಇಲಿ ವೈರು ಕಡಿದು ಪ್ಲಸ್ಸು ಮೈನಸ್ಸು ಒಂದಕ್ಕೊಂದು ತಾಗಿದ್ರೆ ಅದೇ ಬ್ಯಾಟ್ರಿ ನೂರಾರು ಆಂಪಿಯರ್ ಸುರಿಯತ್ತೆ, ವೈರು ಕೆಂಪಗೆ ಕಾದು ಮೇಲಿನ ಪ್ಲಾಸ್ಟಿಕ್ ಹೊತ್ಕೊಳ್ಳೋಕೆ ಕೆಲವೇ ಸೆಕೆಂಡು ಸಾಕು. ಅಟ್ಟ, ಮರದ ತೊಲೆ ಇರೋ ಮನೇಲಿ ಇದನ್ನ ನೆನೆಸ್ಕೊಂಡ್ರೇ ಭಯ ಆಗತ್ತೆ.

ಫ್ಯೂಸ್ ಕಾಪಾಡೋದು ವೈರನ್ನ. ಬ್ಯಾಟ್ರಿಯಿಂದ ಫ್ಯೂಸಿನವರೆಗಿನ ತುಂಡಿಗೆ ಯಾವ ರಕ್ಷಣೆನೂ ಇರಲ್ಲ, ಹಾಗಾಗಿ ಪ್ಲಸ್ ಟರ್ಮಿನಲಿನಿಂದ ಒಂದು ಗೇಣಿನ ಒಳಗೇ ಅದನ್ನ ಹಾಕಿ. ನಿಮ್ಮ ಕಂಟ್ರೋಲರಿಗೆ 15 ಆಂಪಿಯರ್ ಸರಿಹೋಗತ್ತೆ, ವೈರು 2.5 ಸ್ಕ್ವೇರ್ ಎಂಎಂ ತಾಮ್ರದ್ದೇ ಇರ್ಲಿ. ಬಲ್ಬು, ಫ್ಯಾನಿಗೆ ಹೋಗೋ ಪ್ಲಸ್ ವೈರಿಗೆ ಬೇರೆಯಾಗಿ 5 ಆಂಪಿಯರಿಂದು. ಆಟೋ ಎಲೆಕ್ಟ್ರಿಕಲ್ ಅಂಗಡೀಲಿ ಕಾರಿಗೆ ಹಾಕೋ ಬ್ಲೇಡ್ ಫ್ಯೂಸು ಹೋಲ್ಡರ್ ಸಮೇತ ಸಿಗತ್ತೆ, 15ರದ್ದು ನೀಲಿ ಬಣ್ಣ, ಮೇಲೆ 32 ವೋಲ್ಟ್ ಅಂತ ಇದ್ರೆ ನಿಮ್ಮ ಕೆಲಸಕ್ಕೆ ಧಾರಾಳ ಆಯ್ತು.

ಮನೆಯ ಎಂಸಿಬಿ ಬೇಡ. ಮನೆಗೆ ಬರೋ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರೋದ್ರಿಂದ ಒಳಗಿನ ಕಿಡಿ ತಾನಾಗೇ ಆರತ್ತೆ, ಬ್ಯಾಟ್ರಿಯ ಡಿಸಿಗೆ ಆ ಸೊನ್ನೆನೇ ಇಲ್ಲ, ಕಿಡಿ ಹಾಗೇ ಎಳ್ಕೊಂಡು ನಿಲ್ಲಬಹುದು. ಡಿಸಿಗೆ ಅಂತ ಬರೆದಿರೋದು ಸಿಕ್ರೆ ಮಾತ್ರ ಹಾಕಿ. ಕಿಟ್‌ಕ್ಯಾಟಿಗೆ (ಹಳೇ ಪಿಂಗಾಣಿ ಫ್ಯೂಸಿಗೆ) ತಾಮ್ರದ ಎಳೆ ಸುತ್ತೋದಂತೂ ಬೇಡವೇ ಬೇಡ, ಆ ಎಳೆ ಎಷ್ಟಕ್ಕೆ ಕರಗತ್ತೆ ಅಂತ ಯಾರಿಗೂ ಲೆಕ್ಕ ಇರಲ್ಲ.

ಕೆಲಸಕ್ಕೆ ಮುಂಚೆ ಉಂಗುರ ತೆಗೆದಿಡಿ, ಸ್ಪ್ಯಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಮೊದ್ಲು ಪ್ಯಾನಲ್ ವೈರು ಬಿಚ್ಚಿ, ಆಮೇಲೆ ಬ್ಯಾಟ್ರಿದು. ವಾಪಸ್ ಹಾಕುವಾಗ ಮೊದ್ಲು ಬ್ಯಾಟ್ರಿ, ಆಮೇಲೆ ಪ್ಯಾನಲ್, ಯಾಕಂದ್ರೆ ಬ್ಯಾಟ್ರಿ ಇಲ್ದೆ ಪ್ಯಾನಲ್ ಕೊಟ್ರೆ 21-22 ವೋಲ್ಟು ನೇರ ಬಂದು ಕಂಟ್ರೋಲರ್ ಹಾಳಾಗೋ ಸಾಧ್ಯತೆ ಇದೆ. ಚಾರ್ಜ್ ಆಗುವಾಗ ನೀರು ಹಾಕೋ ಬ್ಯಾಟ್ರಿಯಿಂದ ಕಿಡಿಗೆ ಹೊತ್ಕೊಳ್ಳೋ ಹೈಡ್ರೋಜನ್ ಅನಿಲ ಬರತ್ತೆ, ಅದಕ್ಕೆ ಮುಚ್ಚಿದ ಪೆಟ್ಟಿಗೇಲಿ ಇಡಬೇಡಿ, ಫ್ಯೂಸನ್ನೂ ಬ್ಯಾಟ್ರಿ ಮುಚ್ಚಳದ ನೇರ ಮೇಲೆ ಬೇಡ, ಪಕ್ಕಕ್ಕೆ ಕೂರಿಸಿ. ಮುಂದೆ 300 ವ್ಯಾಟಿನ ಇನ್ವರ್ಟರ್ ತಗೊಂಡ್ರೆ ಅದು 30 ಆಂಪಿಯರ್ ಹತ್ರ ಎಳೆಯತ್ತೆ, ಕಂಟ್ರೋಲರಿಂದ ಕೊಡಬೇಡಿ, ಬ್ಯಾಟ್ರಿಯಿಂದಲೇ 10 ಸ್ಕ್ವೇರ್ ಎಂಎಂ ವೈರು, ಅದಕ್ಕೇ ಅಂತ 40 ಆಂಪಿಯರ್ ಫ್ಯೂಸು.

ಪ್ರಶ್ನೆ: ನಮ್ದೂ 100 ವ್ಯಾಟಿನ ಪ್ಯಾನಲ್ಲೇ. ಅಂಗಳಕ್ಕೆ ನೆರಳು ಬರತ್ತೆ ಅಂತ 15 ಮೀಟರ್ ದೂರ ಇಟ್ಟಿದೀವಿ, ಮನೆ ವೈರಿಂಗಲ್ಲಿ ಉಳಿದ 1.5 ಸ್ಕ್ವೇರ್ ಎಂಎಂ ವೈರು ಎಳೆದಿದೀವಿ. ಬ್ಯಾಟ್ರಿ ಫುಲ್ ಆಗ್ತಾನೇ ಇಲ್ಲ.

ಉತ್ತರ: ಹೋಗಿ ಬರೋ ವೈರು ಸೇರಿ 30 ಮೀಟರ್ ಆಯ್ತಲ್ಲ, ಒಳ್ಳೆ ಬಿಸಿಲಲ್ಲಿ ಸುಮಾರು 2 ವೋಲ್ಟು ದಾರೀಲೇ ಹೋಗತ್ತೆ. ಪ್ಯಾನಲ್ ಕಾದಾಗ ಅದರ ವೋಲ್ಟೇಜೇ ಇಳಿದಿರತ್ತೆ, ಬ್ಯಾಟ್ರಿ ಫುಲ್ ಆಗೋಕೆ 14ರ ಮೇಲೆ ಬೇಕು, ಅಲ್ಲಿಗೆ ಸಾಲದೇ ಬರತ್ತೆ. 4 ಸ್ಕ್ವೇರ್ ಎಂಎಂ ಸೋಲಾರ್ ಕೇಬಲ್ ಎಳೀರಿ, ನಷ್ಟ 1 ವೋಲ್ಟಿನ ಒಳಗೆ ಬರತ್ತೆ, ಬಿಸಿಲಿಗೂ ತಡೆಯತ್ತೆ.