ಆ ಚಹಾಕ್ಕೆ ನೀರು ಎಲ್ಲಿಂದ ಬಂತು?

ನಮಸ್ಕಾರ,

ನಿಮ್ಮ ‘ಮರಳಿನ ಮೌನ’ ಓದಿದೆ. ಸಿಟ್ಟು ಬಂತು. ಎದ್ದು ಹೋಗಿ ಬೇರೆ ಕೆಲಸ ಮಾಡಿ, ಬಂದು ಮತ್ತೆ ಓದಿದೆ. ಬೇಡ ಅನ್ನಿಸಿದ ಬರಹಕ್ಕೆ ನಾವು ಸಾಮಾನ್ಯವಾಗಿ ಎರಡು ಸಾಲಿನ ಉತ್ತರ ಕಳಿಸಿ ಸುಮ್ಮನಾಗುತ್ತೇವೆ. ನಿಮಗೆ ಇಷ್ಟುದ್ದ ಬರೆಯಲು ಕಾರಣ ಆ ಸಿಟ್ಟೇ. ನೀವು ಒಪ್ಪಿದ್ದರಿಂದ ಹೆಸರು ತೆಗೆದು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಯಾಕಂದ್ರೆ ಈ ಥರದ ಬರಹ ನಮಗೆ ಜಾಸ್ತಿ ಬರುತ್ತಿದೆ. ಊರು ಬೇರೆ ಇರುತ್ತದೆ, ಮೌನ ಮಾತ್ರ ಅದೇ.

ಉಳಿದ ಓದುಗರಿಗೆ ವಿಷಯ ಇಷ್ಟು. ಲೇಖಕರು ಧಾರವಾಡದವರು. ಬೆಂಗಳೂರಿನ ಕೆಲಸ ಬಿಟ್ಟು, ಮನಸ್ಸು ಸರಿಯಿಲ್ಲದೆ, ಜೈಸಲ್ಮೇರ್‌ಗೆ ಹೋಗುತ್ತಾರೆ. ಸಮ್ ಅನ್ನುವ ಊರಿನ ಮರಳುದಿಬ್ಬಗಳ ಹತ್ತಿರ ಟೆಂಟ್‌ನಲ್ಲಿ ಉಳಿಯುತ್ತಾರೆ. ಹೊರಗಿನ ಮರುಭೂಮಿಯಲ್ಲಿ ತಮ್ಮ ಒಳಗಿನ ಮರುಭೂಮಿಯನ್ನು ಕಾಣುತ್ತಾರೆ. ವಾಪಸು ಬರುತ್ತಾರೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಕಾಗುಣಿತ ತಪ್ಪಿಲ್ಲ, ಈಗ ಇದೇ ಅಪರೂಪ. ಜೋಧ್‌ಪುರದಿಂದ ಹೊರಟ ರೈಲಿನಲ್ಲಿ ಕಿಟಕಿ ಮುಚ್ಚಿದ್ದರೂ ಚಪಾತಿಯ ಮೇಲೆ ಮರಳು ಬಂದು ಕೂರುವ ಸಾಲು ಚೆನ್ನಾಗಿದೆ. ಇಂಥವು ಇನ್ನೂ ಬೇಕಿತ್ತು.

ಈಗ ತಕರಾರಿಗೆ ಬರೋಣ. ಎರಡನೇ ಪುಟದಲ್ಲಿ ನೀವು ಬರೆಯುತ್ತೀರಿ: ‘ಕಣ್ಣು ಹಾಯಿಸಿದಷ್ಟು ದೂರವೂ ಶೂನ್ಯ. ಜೀವದ ಸುಳಿವೇ ಇಲ್ಲ.’ ಇದಾಗಿ ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ‘ಯಾರೋ ಒಬ್ಬ ಒಂಟೆಯವನು’ ಬಂದು ನಿಮಗೆ ಚಹಾ ಮಾಡಿಕೊಡುತ್ತಾನೆ. ‘ಎಲ್ಲಿಂದಲೋ’ ನಾಲ್ಕು ಮಕ್ಕಳು ಓಡಿ ಬರುತ್ತಾರೆ. ದೂರದಲ್ಲಿ ಒಂದು ಮೇಕೆ ಕೂಗುತ್ತದೆ. ಹಾಗಾದರೆ ಶೂನ್ಯ ಎಲ್ಲಿ ಹೋಯಿತು? ಎಲ್ಲಿಂದಲೋ ಅಂದರೆ ಎಲ್ಲಿಂದ? ಆ ಮಕ್ಕಳಿಗೆ ಮನೆ ಇದೆ, ಮನೆಗೆ ಅಂಗಳ ಇದೆ, ಮೇಕೆಗೆ ಒಡತಿ ಇದ್ದಾಳೆ. ಆ ಚಹಾಕ್ಕೆ ಹಾಲು ಯಾರದ್ದು? ನೀರು ಎಲ್ಲಿಂದ ಬಂತು? ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳದ ಜಾಗದಲ್ಲಿ ಒಬ್ಬ ಮನುಷ್ಯ ಪರಿಚಯವೇ ಇಲ್ಲದ ನಿಮಗೆ ಒಂದು ಲೋಟ ಚಹಾ ಕೊಟ್ಟಿದ್ದಾನೆ. ನಿಮ್ಮ ಇಡೀ ಬರಹದಲ್ಲಿ ನಡೆದ ದೊಡ್ಡ ಘಟನೆ ಅದೇ. ನೀವು ಅದನ್ನು ಅರ್ಧ ಸಾಲಿನಲ್ಲಿ ಕುಡಿದು ಮುಗಿಸಿ ಮತ್ತೆ ಮೌನಕ್ಕೆ ಹೋಗಿಬಿಟ್ಟಿರಿ.

ಜಗತ್ತಿನ ಮರುಭೂಮಿಗಳಲ್ಲಿ ಅತಿ ಹೆಚ್ಚು ಜನ ಒತ್ತಾಗಿ ಬದುಕುತ್ತಿರುವುದು ಥಾರ್‌ನಲ್ಲೇ. ಶೂನ್ಯ ಹುಡುಕಿಕೊಂಡು ಅಲ್ಲಿಗೆ ಹೋಗಿದ್ದೀರಿ!

ನಾಲ್ಕನೇ ಪುಟದ ಸಾಲು ನೋಡಿ. ‘ಹೆಸರಿಲ್ಲದ ಒಂದು ಮುಳ್ಳುಮರ ನನ್ನ ಹಾಗೇ ಒಂಟಿಯಾಗಿ ನಿಂತಿತ್ತು.’ ನೀವು ಜೊತೆಗೆ ಕಳಿಸಿದ ಫೋಟೋದಲ್ಲಿ ಆ ಮರ ಇದೆ. ಅದು ಖೇಜಡಿ. ನಮ್ಮ ಬನ್ನಿ ಮರ ಸ್ವಾಮಿ! ಧಾರವಾಡದಲ್ಲಿ ಹುಟ್ಟಿ ಬೆಳೆದವರು, ಪ್ರತಿ ದಸರಾಕ್ಕೆ ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅಂತ ಮನೆ ಮನೆಗೆ ಹೋಗಿ ಹಿರಿಯರ ಕಾಲಿಗೆ ಬಿದ್ದವರು, ಪಾಂಡವರು ಆಯುಧ ಬಚ್ಚಿಟ್ಟ ಮರವನ್ನು ಹೆಸರಿಲ್ಲದ ಮರ ಅಂತೀರಲ್ಲ. ರಾಜಸ್ಥಾನದ ರಾಜ್ಯ ಮರ ಅದು. ಅದರ ಕಾಯಿ ಅವರಿಗೆ ಸಾಂಗ್ರಿ ಪಲ್ಯ. ನೀವು ಟೆಂಟ್‌ನಲ್ಲಿ ತಿಂದು ‘ಏನೋ ಒಣಗಿದ ಬೀನ್ಸ್‌ನಂಥದ್ದು’ ಅಂತ ಬರೆದಿರುವುದು ಬಹುಶಃ ಇದನ್ನೇ. ಸೊಪ್ಪು ಕುರಿ, ಮೇಕೆ, ಒಂಟೆಗೆ ಮೇವು. ಬೇರು ಆಳಕ್ಕೆ ಇಳಿಯುವುದರಿಂದ ಮೇಲಿನ ಬೆಳೆಯ ಜೊತೆ ನೀರಿಗೆ ಜಗಳ ಆಡುವುದಿಲ್ಲ, ಹಾಗಾಗಿ ರೈತರು ಹೊಲದ ನಡುವೆಯೇ ಇದನ್ನು ಬಿಟ್ಟುಕೊಳ್ಳುತ್ತಾರೆ. 1899–1900ರ ದೊಡ್ಡ ಬರದಲ್ಲಿ ಜನ ಇದರ ತೊಗಟೆಯನ್ನು ಪುಡಿ ಮಾಡಿ ತಿಂದು ಜೀವ ಉಳಿಸಿಕೊಂಡರು. ಅದಕ್ಕೂ ಮುಂಚೆ, 1730ರಲ್ಲಿ, ಜೋಧ್‌ಪುರದ ರಾಜನ ಕಡೆಯವರು ಸುಣ್ಣ ಸುಡಲು ಸೌದೆ ಬೇಕು ಅಂತ ಖೇಜಡ್ಲಿ ಊರಿಗೆ ಕೊಡಲಿ ತಂದರು. ಅಮೃತಾ ದೇವಿ ಅನ್ನುವ ಹೆಂಗಸು ಮೊದಲು ಮರ ತಬ್ಬಿಕೊಂಡಳು. ಆಕೆಯೂ ಸೇರಿ 363 ಬಿಷ್ಣೋಯಿಗಳು ಈ ಮರಕ್ಕಾಗಿ ಕಡಿಸಿಕೊಂಡು ಸತ್ತರು ಅಂತ ಆ ಸಮುದಾಯ ಇವತ್ತಿಗೂ ನೆನೆಯುತ್ತದೆ. ಅಂಥ ಮರವನ್ನು ನಿಮ್ಮ ಒಂಟಿತನಕ್ಕೆ ಕನ್ನಡಿ ಮಾಡಿಕೊಂಡಿದ್ದೀರಿ.

ನಿಮ್ಮ ದುಃಖದ ಮೇಲೆ ನನಗೆ ತಕರಾರಿಲ್ಲ. ದುಃಖ ಇದ್ದವರು ಬರೆಯಬೇಕು. ಆದರೆ ಅದಕ್ಕೆ ಜಾಗ ಮಾಡಲು ಊರವರನ್ನೆಲ್ಲ ಎಬ್ಬಿಸಿ ಓಡಿಸಬೇಡಿ.

ಮುಂದಿನದು ನನಗೆ ತುಂಬಾ ಕಿರಿಕಿರಿ ಮಾಡಿದ ಸಾಲು. ‘ಇಲ್ಲಿ ನೀರೆಂಬುದು ಬರೀ ಭ್ರಮೆ.’ ಬಿಸಿಲ್ಗುದುರೆಯ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ, ಅಲ್ಲಿನ ಬಾವಿಯ ಬಗ್ಗೆ ಒಂದು ಅಕ್ಷರ ಇಲ್ಲ. ಜೈಸಲ್ಮೇರ್, ಬಾಡಮೇರ್ ಕಡೆ ಕುಂಯಿ ಅಂತ ತೋಡುತ್ತಾರೆ, ಕೆಲವರು ಬೇರಿ ಅಂತಾರೆ. ಬಾಯಿ ಬಹಳ ಕಿರಿದು, ಒಬ್ಬ ಮನುಷ್ಯ ಕೂತು ಅಗೆಯುವಷ್ಟೇ ಜಾಗ. ಅಲ್ಲಿ ತೀರಾ ಆಳದ ನೀರು ಉಪ್ಪು, ಬಾಯಿಗೆ ಇಡಲಾಗುವುದಿಲ್ಲ. ಆದರೆ ಕೆಲವು ಕಡೆ ಮರಳಿಗೂ ಆ ಉಪ್ಪುನೀರಿಗೂ ನಡುವೆ ಜಿಪ್ಸಂನ ಒಂದು ಪದರ ಹಾಸಿಕೊಂಡಿದೆ. ಬಿದ್ದ ಚೂರುಪಾರು ಮಳೆ ಮರಳಿನಲ್ಲಿ ಇಳಿದು, ಆ ಪದರ ದಾಟಲಾಗದೆ, ಹರಳು ಹರಳಿನ ನಡುವೆ ತೇವವಾಗಿ ಉಳಿಯುತ್ತದೆ. ಕುಂಯಿ ಆ ಪದರದ ಮೇಲೆ ಬಂದು ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ. ಸುತ್ತಲಿನ ತೇವ ಹನಿ ಹನಿಯಾಗಿ ಒಳಗೆ ಜಿನುಗುತ್ತದೆ. ಇಡೀ ದಿನಕ್ಕೆ ಕೆಲವೇ ಕೊಡ. ಬಾಯಿ ಅಗಲ ಮಾಡಿದರೆ ಆ ನೀರು ತಳದಲ್ಲಿ ಹರಡಿ ಕೊಡಕ್ಕೆ ಸಿಗದೇ ಹೋಗುತ್ತದೆ, ಬಿಸಿಲಿಗೆ ಆರಿಯೂ ಹೋಗುತ್ತದೆ.

ತೋಡುವವನನ್ನು ಚೇಜಾರೋ ಅನ್ನುತ್ತಾರೆ. ಒಳಗೆ ಇಳಿದಷ್ಟೂ ಸೆಕೆ, ಉಸಿರು ಕಟ್ಟುತ್ತದೆ. ಮೇಲೆ ನಿಂತವರು ಆಗಾಗ ಒಂದೊಂದು ಹಿಡಿ ಮರಳನ್ನು ಜೋರಾಗಿ ಕೆಳಕ್ಕೆ ಎಸೆಯುತ್ತಾರೆ. ಮರಳಿನ ಜೊತೆ ಮೇಲಿನ ತಣ್ಣನೆಯ ಗಾಳಿ ಕೆಳಗೆ ಹೋಗುತ್ತದೆ, ಕೆಳಗಿನ ಬಿಸಿ ಗಾಳಿ ಮೇಲೆ ಬರುತ್ತದೆ. ಆ ಮರಳು ನೆತ್ತಿಗೆ ಬಡಿಯದ ಹಾಗೆ ಅವನು ಲೋಹದ ಪಾತ್ರೆಯೊಂದನ್ನು ತಲೆಗೆ ಕವುಚಿಕೊಂಡಿರುತ್ತಾನೆ. ಪಾತ್ರೆ ಕವುಚಿಕೊಂಡು ಮರಳಿನ ಹೊಟ್ಟೆಯಲ್ಲಿ ಕೂತ ಮನುಷ್ಯ, ಮೇಲಿಂದ ಅವನಿಗೆ ಹಿಡಿ ಹಿಡಿ ಗಾಳಿ ಎಸೆಯುತ್ತಿರುವ ಊರು. ಹೇಳಿ, ನಿಮ್ಮ ಬಿಸಿಲ್ಗುದುರೆ ಇದರ ಮುಂದೆ ಏನು?

ಅದೇ ಜಿಪ್ಸಂ ಪದರದ ಇನ್ನೊಂದು ಮುಖವೂ ಇದೆ. 2006ರ ಆಗಸ್ಟ್‌ನಲ್ಲಿ ಬಾಡಮೇರ್ ಜಿಲ್ಲೆಯಲ್ಲಿ ವರ್ಷದ ಮಳೆಗಿಂತ ಜಾಸ್ತಿ ಮಳೆ ಕೆಲವೇ ದಿನಗಳಲ್ಲಿ ಸುರಿಯಿತು. ಕವಾಸ್ ಅನ್ನುವ ಊರು ಮುಳುಗಿತು. ಮರುಭೂಮಿಯಲ್ಲಿ ನೂರಕ್ಕೂ ಹೆಚ್ಚು ಜನ ನೆರೆಗೆ ಸಿಕ್ಕಿ ಸತ್ತರು. ನೀರು ಬೇಗ ಇಂಗಲಿಲ್ಲ, ಕೆಳಗಿನ ಆ ಪದರ ಬಿಡಲಿಲ್ಲ. ಭ್ರಮೆ ಅಂತ ಬರೆಯುವ ಮುಂಚೆ ಇಂಥದ್ದೊಂದು ಗೊತ್ತಿದ್ದರೆ ಕೈ ತಡೆಯುತ್ತಿತ್ತು.

ಜೈಸಲ್ಮೇರ್ ಹತ್ತಿರದ ಪಾಳು ಊರು ಕುಲಧರಾ ಬಗ್ಗೆ ಬರೆದ ಭಾಗವನ್ನು ಪೂರ್ತಿ ಹೊಡೆದುಹಾಕಿ. ‘ಒಂದೇ ರಾತ್ರಿಯಲ್ಲಿ ಮಾಯವಾದ ಶಾಪಗ್ರಸ್ತ ಊರು’ ಅನ್ನುವುದು ಗೈಡ್‌ಗಳು ದಿನಾ ಹೇಳುವ ಕಥೆ. ಅಲ್ಲಿದ್ದ ಪಾಲಿವಾಲ ಬ್ರಾಹ್ಮಣರು ಖಡೀನ್ ಕಟ್ಟುವುದರಲ್ಲಿ ಪಳಗಿದವರು. ಕಲ್ಲು ನೆಲದ ಇಳಿಜಾರಿನಲ್ಲಿ ಹರಿದು ಬರುವ ಮಳೆನೀರಿಗೆ ಕೆಳಗಡೆ ಉದ್ದಕ್ಕೆ ಮಣ್ಣಿನ ಒಡ್ಡು ಹಾಕಿ, ನೀರು ನಿಂತು ನೆಲ ನೆನೆದ ಮೇಲೆ, ಆ ತೇವದಲ್ಲೇ ಹಿಂಗಾರಿಗೆ ಗೋಧಿ, ಕಡಲೆ ಬೆಳೆಯುವ ಪದ್ಧತಿ ಅದು. ಅವರು ಯಾಕೆ ಊರು ಬಿಟ್ಟರು ಅನ್ನುವುದಕ್ಕೆ ದಿವಾನನ ತೆರಿಗೆ ಕಾಟ ಅಂತ ಕೆಲವರು, ನೀರು ಬತ್ತಿತು ಅಂತ ಕೆಲವರು ಹೇಳುತ್ತಾರೆ. ಎರಡರಲ್ಲಿ ಯಾವುದು ನಿಜವಾದರೂ ದೆವ್ವಕ್ಕಿಂತ ಭಯಂಕರವೇ.

ನಿಮಗೆ ಇದೆಲ್ಲ ಅತಿ ಅನ್ನಿಸಬಹುದು. ನಾನು ಹೀಗಾಗಿದ್ದಕ್ಕೆ ಒಬ್ಬರು ಕಾರಣ. ಕೆಲಸ ಕಲಿತದ್ದು ಒಂದು ಸಣ್ಣ ವಾರಪತ್ರಿಕೆಯಲ್ಲಿ. ಅಲ್ಲಿದ್ದ ಹಿರಿಯ ಉಪಸಂಪಾದಕರನ್ನು ಎಲ್ಲರೂ ಮೇಷ್ಟ್ರು ಅಂತಿದ್ದೆವು. ಕವಿತೆ ಬರೆಯುವ ಹುಮ್ಮಸ್ಸಿನಲ್ಲಿ ಸೇರಿದ ನನಗೆ ಅವರು ಕೊಟ್ಟ ಕೆಲಸ ಪೇಟೆ ಧಾರಣೆ ಮತ್ತು ಮಳೆ ಪಟ್ಟಿ. ಹತ್ತಿ ಇಷ್ಟು, ಶೇಂಗಾ ಇಷ್ಟು, ಯಾವ ತಾಲ್ಲೂಕಿಗೆ ಎಷ್ಟು ಮಿಲಿಮೀಟರ್. ಎಷ್ಟೋ ತಿಂಗಳು ಬರೀ ಅದೇ. ರಾಯಚೂರು ಕಡೆಯಿಂದ ಬರದ ವರದಿ ಬಂದರೆ ಮೇಷ್ಟ್ರು ಗಟ್ಟಿಯಾಗಿ ಓದುತ್ತಿದ್ದರು. ಬಿರುಕು ಬಿಟ್ಟ ನೆಲ, ಆಕಾಶ ನೋಡುವ ಮುದುಕ. ಅಲ್ಲಿಗೆ ನಿಲ್ಲಿಸಿ, ‘ಈ ಮುದುಕ ಬೆಳಗ್ಗೆ ಏನು ತಿಂದಾನ? ಅವನ ಮನಿಗೆ ನೀರು ಯಾರು ಹೊರತಾರ?’ ಅಂತ ಕೇಳುತ್ತಿದ್ದರು. ಉತ್ತರ ಇಲ್ಲದಿದ್ದರೆ ವರದಿಗಾರ ಮತ್ತೆ ಬಸ್ ಹತ್ತಬೇಕು. ಬೈಯುತ್ತಲೇ ಹತ್ತುತ್ತಿದ್ದರು. ವಾಪಸು ಬಂದಾಗ ಅದೇ ವರದಿಯಲ್ಲಿ ಮುದುಕನ ಸೊಸೆ ಇರುತ್ತಿದ್ದಳು, ಅವಳು ಬೆಳಗಿನ ಜಾವ ಎದ್ದು ಹೋಗುವ ಹಳ್ಳದ ವರತಿ ಇರುತ್ತಿತ್ತು. ಆಕಾಶ ಮಾತ್ರ ಮಾಯ.

ಆ ಮಳೆ ಪಟ್ಟಿಯ ದೆಸೆಯಿಂದಲೇ ನನಗೆ ಮರುಭೂಮಿಯ ಹುಚ್ಚು ಹಿಡಿದದ್ದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ರಾಯಚೂರಿನ ಜನ ಗುಳೆ ಹೋಗುವುದನ್ನು ಅಚ್ಚು ಮಾಡುತ್ತಿದ್ದೆವು. ಅದರ ಮೂರನೇ ಒಂದು ಪಾಲೂ ಬೀಳದ ಜೈಸಲ್ಮೇರ್ 1156ರಿಂದ ಅಲ್ಲೇ ಇದೆ, ಕೋಟೆಯೊಳಗೆ ಈಗಲೂ ಜನ ಸಂಸಾರ ಮಾಡುತ್ತಾರೆ ಅಂತ ಎಲ್ಲೋ ಓದಿದ ದಿನ ತಲೆ ಕೆಟ್ಟುಹೋಯಿತು. ಹೇಗೆ ಅನ್ನುವ ಪ್ರಶ್ನೆ ಇನ್ನೂ ಬಿಟ್ಟಿಲ್ಲ. ನಿಮ್ಮ ಬರಹದ ಶೀರ್ಷಿಕೆ ನೋಡಿ ಆಸೆಯಿಂದ ತೆರೆದೆ, ಅದಕ್ಕೇ ಸಿಟ್ಟು ಜಾಸ್ತಿ.

‘ಕಾಲ ಇಲ್ಲಿ ಶತಮಾನಗಳ ಹಿಂದೆಯೇ ನಿಂತುಹೋಗಿದೆ.’ ಈ ಸಾಲನ್ನು ನಾನು ತಿದ್ದುವುದಿಲ್ಲ, ನಿಮ್ಮ ಒಂಟೆಯವನಿಗೆ ಓದಿ ಹೇಳಿ ನೋಡಿ. ಅವನಿಗೆ ಅರವತ್ತು ದಾಟಿರಬಹುದು ಅಂತ ನೀವೇ ಬರೆದಿದ್ದೀರಿ. ಅವನ ಅಜ್ಜನ ಕಾಲಕ್ಕೆ ಸಿಂಧ್‌ಗೆ ದಾರಿ ತೆರೆದೇ ಇತ್ತು, 1947ರಲ್ಲಿ ಗಡಿ ಬಂತು. ಅವನು ಹುಡುಗನಾಗಿದ್ದಾಗ 1965ರ ಯುದ್ಧ, ಗಡಿಯ ಮುನಾಬಾವ್ ಮೂಲಕ ಸಿಂಧ್‌ಗೆ ಹೋಗುತ್ತಿದ್ದ ರೈಲು ನಿಂತಿತು. 2006ರಲ್ಲಿ ಮತ್ತೆ ಓಡಿತು, 2019ರಲ್ಲಿ ಮತ್ತೆ ನಿಂತಿತು. ಪಂಜಾಬಿನಿಂದ ಕಾಲುವೆ ಬಂತು. ಇನ್ನು ಒಂಟೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆಗಳಿದ್ದವು, 2019ರಲ್ಲಿ ಎರಡೂವರೆ ಲಕ್ಷ. ಅವನ ಕಣ್ಣೆದುರೇ ಅವನ ಕಸುಬು ಕರಗುತ್ತಿದೆ, ನೀವು ಕಾಲ ನಿಂತಿದೆ ಅಂತೀರಿ. (ಡುಬ್ಬದಲ್ಲಿ ಇರುವುದು ನೀರಲ್ಲ, ಕೊಬ್ಬು. ಅದನ್ನೂ ಸರಿ ಮಾಡಿ.)

ಕೊನೆಯಲ್ಲಿ ಮೋಸೆಸ್, ಯೇಸು, ಪೈಗಂಬರರು ಎಲ್ಲರನ್ನೂ ಒಂದೇ ಪ್ಯಾರಾಕ್ಕೆ ತುಂಬಿ, ದೇವರು ಖಾಲಿ ಜಾಗದಲ್ಲೇ ಮಾತಾಡುತ್ತಾನೆ ಅಂದಿದ್ದೀರಿ. ಉರಿಯುವ ಪೊದೆ ಕಂಡಾಗ ಮೋಸೆಸ್ ಏನು ಮಾಡುತ್ತಿದ್ದ? ಮಾವನ ಕುರಿ ಕಾಯುತ್ತಿದ್ದ. ಮೆಕ್ಕಾ ವ್ಯಾಪಾರದ ಊರು, ಪೈಗಂಬರರು ಸರಕಿನ ಜೊತೆ ಊರೂರು ತಿರುಗಿದವರು. ಈಜಿಪ್ಟಿನ ಮರುಭೂಮಿಗೆ ಹೋಗಿ ಕೂತ ಕ್ರೈಸ್ತ ಸನ್ಯಾಸಿಗಳೂ ಗರಿಯ ಬುಟ್ಟಿ, ಹಗ್ಗ ಹೆಣೆದು ಮಾರಿ ಊಟ ಮಾಡುತ್ತಿದ್ದರು. ಗೋಬಿಯ ಅಂಚಿನ ದುನ್‌ಹುವಾಂಗ್ ಗುಹೆಯೊಂದರಲ್ಲಿ 1900ರಲ್ಲಿ ಸಾವಿರಾರು ಹಳೆಯ ಹಸ್ತಪ್ರತಿ ಸಿಕ್ಕವು. ಬೌದ್ಧ ಸೂತ್ರಗಳ ಜೊತೆ ಸಾಲದ ಪತ್ರ, ಕರಾರು ಪತ್ರಗಳೂ ಇದ್ದವು. ದೇವರ ಪಕ್ಕದಲ್ಲೇ ಲೆಕ್ಕದ ಪುಸ್ತಕ!

ಮರುಭೂಮಿ ಖಾಲಿ ಅನ್ನುವುದು ದಾರಿಹೋಕರ ಕಲ್ಪನೆ, ಇದರಿಂದ ಯಾರಿಗೆ ಏನು ತೊಂದರೆ ಅಂತ ಕೇಳಬಹುದು. ತೊಂದರೆ ಇದೆ. ಮೊದಲ ಅಣುಬಾಂಬ್ ಪರೀಕ್ಷೆ 1945ರಲ್ಲಿ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ. ಬ್ರಿಟಿಷರ ಹಲವು ಪರೀಕ್ಷೆಗಳು ಆಸ್ಟ್ರೇಲಿಯಾದ ಮರಾಲಿಂಗಾದಲ್ಲಿ, ಅಲ್ಲಿನ ಮೂಲನಿವಾಸಿಗಳನ್ನು ಹೊರಗೆ ಕಳಿಸಿ. ಫ್ರೆಂಚರ ಮೊದಲನೆಯದು 1960ರಲ್ಲಿ ಸಹಾರಾದ ರೆಗಾನ್‌ನಲ್ಲಿ. ನಮ್ಮದು ಪೋಖ್ರಾನ್, ಹತ್ತಿರದಲ್ಲೇ ಖೇತೋಲಾಯಿ ಅನ್ನುವ ಊರಿದೆ. ಎಲ್ಲ ಕಡೆ ‘ಖಾಲಿ ಜಾಗ’ ಅನ್ನುವ ಮಾತು ಮೊದಲು ಬಂತು, ಬಾಂಬ್ ಆಮೇಲೆ. ಈಗ ಜೈಸಲ್ಮೇರ್ ಸುತ್ತ ಓರಣ್ ಅಂತ ಕರೆಯುವ ದೇವರ ಕಾಡುಗಳು, ಊರ ದನ ಮೇಯುವ ಜಾಗಗಳು, ಕಾಗದದಲ್ಲಿ ಬಂಜರು ಅಂತ ಬರೆಸಿಕೊಂಡು ಸೋಲಾರ್ ಫಲಕಗಳಿಗೆ ಹೋಗುತ್ತಿವೆ, ಜನ ಅದಕ್ಕೆ ಬೀದಿಗೆ ಇಳಿದಿದ್ದಾರೆ. ಸೋಲಾರ್ ಬೇಡ ಅಂತ ನಾನು ಹೇಳುತ್ತಿಲ್ಲ, ನಮ್ಮ ಪಾವಗಡದಲ್ಲೂ ಇದೆ. ಅಲ್ಲಿ ಜಮೀನಿಗೆ ರೈತರ ಹೆಸರಿತ್ತು, ಅವರಿಗೆ ಗುತ್ತಿಗೆ ಹಣ ಬರುತ್ತದೆ. ಓರಣ್‌ಗೆ ಯಾರ ಹೆಸರೂ ಇಲ್ಲ. ಹಾಗಾಗಿ ‘ಶೂನ್ಯ’ ಅಂತ ನೀವು ಬರೆದಾಗ, ಗೊತ್ತಿಲ್ಲದೇ ಯಾವ ಗುಮಾಸ್ತನ ಕಡತಕ್ಕೆ ಸಹಿ ಹಾಕುತ್ತಿದ್ದೀರಿ ನೋಡಿಕೊಳ್ಳಿ.

ಇನ್ನು ಕೆಲಸದ ಮಾತು. ಈ ರೂಪದಲ್ಲಿ ಹಾಕಲಾಗುವುದಿಲ್ಲ. ಒಂಟೆಯವನು ನಿಮಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ ಅಂತ ಬರೆದಿದ್ದೀರಿ, ಅಂದರೆ ನಂಬರ್ ಇದೆ. ಫೋನ್ ಮಾಡಿ. ಹೆಸರು ಕೇಳಿ. ಆ ಚಹಾದ ನೀರು ಕುಂಯಿಯದ್ದೋ, ಕಾಲುವೆಯದ್ದೋ, ಟ್ಯಾಂಕರ್‌ನದ್ದೋ, ಟ್ಯಾಂಕರ್ ಆದರೆ ಒಂದಕ್ಕೆ ಎಷ್ಟು ಕೊಡುತ್ತಾರೆ, ಮನೆಯಲ್ಲಿ ಎಷ್ಟು ಒಂಟೆ ಇದ್ದವು, ಈಗ ಎಷ್ಟಿವೆ, ಕೇಳಿ. ಅದನ್ನು ಎಂಟುನೂರು ಪದದಲ್ಲಿ ಬರೆಯಿರಿ. ರೈಲಿನ ಚಪಾತಿ ಇರಲಿ, ಬೇಕಿದ್ದರೆ ನೀವು ಕೆಲಸ ಬಿಟ್ಟ ವಿಷಯ ಎರಡು ಸಾಲು ಇರಲಿ. ಮತ್ತೆ, ದಯವಿಟ್ಟು ಪಿಡಿಎಫ್ ಬೇಡ, ಯೂನಿಕೋಡ್‌ನಲ್ಲಿ ಕಳಿಸಿ.