ಪುಟ್ಟ ಮಕ್ಕಳಿಗೆ ಅಪ್ಪ-ಅಮ್ಮ ಹೇಗೆ ಕಲಿಸುತ್ತಾರೆ ಅಂತ ಅಳೆಯೋದು ಹೇಗೆ?

ಚಿಂತಾಮಣಿ ಕಡೆಯ ಅಂಗನವಾಡಿ ಮಕ್ಕಳ ತಂದೆತಾಯಿಯರ ಅಧ್ಯಯನಕ್ಕೆ ಪ್ರಶ್ನಾವಳಿ ಒಂದೇ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ‘ಮಗು ಜೊತೆ ಆಡ್ತೀರಾ?’ ಅಂದರೆ ಇಲ್ಲ ಅನ್ನೋರು ಯಾರು ಹೇಳಿ!

ಆದರೂ ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ರಾಬರ್ಟ್ ಸ್ಟ್ರಾಮ್ ರೂಪಿಸಿದ ‘ಪೇರೆಂಟ್ ಆಸ್ ಎ ಟೀಚರ್ ಇನ್ವೆಂಟರಿ’ಯಿಂದ (ತಂದೆತಾಯಿ ತಮ್ಮ ಬಗ್ಗೆ ತಾವೇ ಉತ್ತರಿಸುವ ಪ್ರಶ್ನಾವಳಿ) ಶುರುಮಾಡಬಹುದು. ಅದರಲ್ಲಿ 50 ಹೇಳಿಕೆಗಳಿವೆ: ಸೃಜನಶೀಲತೆ, ಸಿಡಿಮಿಡಿ, ಹಿಡಿತ, ಆಟ, ಕಲಿಸುವುದು-ಕಲಿಯುವುದು ಅಂತ 5 ವಿಭಾಗ. ಪ್ರತಿ ಹೇಳಿಕೆಗೂ ‘ಖಂಡಿತ ಹೌದು’ದಿಂದ ‘ಖಂಡಿತ ಇಲ್ಲ’ದವರೆಗೆ 4 ಆಯ್ಕೆ. ಒಟ್ಟು ಅಂಕ ನೋಡಿ ಸುಮ್ನಾಗಬೇಡಿ, ವಿಭಾಗವಾರು ನೋಡಿ. ಆಟದಲ್ಲಿ ಜಾಸ್ತಿ ಅಂಕ ಪಡೆದ ತಾಯಿಯೇ ಮಗು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರೆ ರೇಗಬಹುದು.

ಇಷ್ಟಾದರೂ ಸಿಗೋದು ಅವರು ಹೇಳಿದ್ದು ಮಾತ್ರ. ಮಾಡೋದು ತಿಳಿಯಬೇಕಾದರೆ ಮನೆಗೆ ಹೋಗಬೇಕು. ಟೊಮೆಟೊ ವಿಂಗಡಿಸುವಾಗ ಮಗು ಕೈಹಾಕಿತು ಅಂದ್ಕೊಳ್ಳಿ. ಗದರಿಸುತ್ತಾರಾ, ‘ಕೆಂಪಗಿರೋದನ್ನ ಈ ಕಡೆ ಇಡು’ ಅಂತಾರಾ? ನನ್ನ ಪ್ರಕಾರ ಹತ್ತು ಪ್ರಶ್ನೆಗಿಂತ ಇದೇ ಹೆಚ್ಚು ಹೇಳುತ್ತದೆ. ನೀವು ಬಂದಿದ್ದೀರಿ ಅಂತ ಮೊದಲ ದಿನ ಎಲ್ಲರೂ ನಯವಾಗಿರುತ್ತಾರೆ, ಹಾಗಾಗಿ ಮತ್ತೆ ಹೋಗಿ.

ಅಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಅಲ್ವಾ? ಹೇಳಿಕೆಗಳನ್ನು ಮನೆಮಾತಿನಲ್ಲೇ ಓದಿಹೇಳಿ. ಹಗಲೆಲ್ಲ ಮಗು ಅಜ್ಜಿ ಹತ್ತಿರ ಇದ್ದರೆ ಅಜ್ಜಿಯನ್ನೂ ಕೇಳಿ.