ವಿಚಾರಣೆಯ ಹಿಂದಿನ ಸಂಜೆ ಬಂದ ವರದಿ: ಮೇಲ್ಮನವಿಗೆ ದಾರಿ ಇದೆಯೇ?

ಪ್ರಶ್ನೆ: ನಮ್ಮ ಹೊಸ ಮನೆಯ ಮಹಡಿ ಬಾತ್‌ರೂಮಿನಿಂದ ಕೆಳಗಿನ ಕೋಣೆಗೆ ನೀರು ಸೋರುತ್ತಿದೆ. ಕಂಟ್ರಾಕ್ಟರ್ ವಿರುದ್ಧ ಟ್ರಿಬ್ಯೂನಲ್‌ಗೆ ಹೋದೆ. ವಿಚಾರಣೆಯ ಹಿಂದಿನ ಸಂಜೆ ಅವರು ಒಂದು ಎಂಜಿನಿಯರ್ ವರದಿ ಇಮೇಲ್ ಮಾಡಿದರು. ನಾವು ಆಮೇಲೆ ಗಾಜಿನ ಪಾರ್ಟಿಷನ್ ಕೂರಿಸಲು ನೆಲ ಕೊರೆಸಿದೆವಂತೆ, ವಾಟರ್‌ಪ್ರೂಫಿಂಗ್ ತೂತಾಗಿದ್ದು ಅದರಿಂದಲೇ ಅಂತೆ! ಅಲ್ಲಿಯವರೆಗೆ ಈ ಮಾತೇ ಬಂದಿರಲಿಲ್ಲ. ಸಮಯ ಕೇಳಿದೆ, ಕೊಡಲಿಲ್ಲ. ನನ್ನ ತಮ್ಮ ಸಾಕ್ಷಿ ಹೇಳುವಾಗ ಅರ್ಧಕ್ಕೇ ನಿಲ್ಲಿಸಿದರು. ಗೋಡೆ ಬಿರುಕಿನ ವಿಷಯದಲ್ಲಿ ನಮ್ಮ ಎಂಜಿನಿಯರನ್ನು ಬಿಟ್ಟು ಅವರ ಎಂಜಿನಿಯರನ್ನು ನಂಬಿದರು. ಆದೇಶ ನನ್ನ ವಿರುದ್ಧ ಬಂದಿದೆ. ಸಹಜ ನ್ಯಾಯ ಸಿಗಲಿಲ್ಲ ಎಂದು ಮೇಲ್ಮನವಿ ಹಾಕಬಹುದೇ?

ಉತ್ತರ: ಹಾಕಬಹುದು. ಸಹಜ ನ್ಯಾಯ ಅಂದರೆ ತೀರ್ಪಿಗೆ ಮುಂಚೆ ನಿಮ್ಮ ವಿರುದ್ಧದ ಮಾತನ್ನು ನಿಮಗೆ ತಿಳಿಸಿ, ಉತ್ತರ ಕೊಡಲು ಸರಿಯಾದ ಅವಕಾಶ ಕೊಡುವುದು. ಆದರೆ ನೀವು ಹೇಳಿದ ಮೂರು ದೂರುಗಳಲ್ಲಿ ಒಂದಕ್ಕೆ ಮಾತ್ರ ಬಲ ಇದೆ. ಮೂರನ್ನೂ ಒಟ್ಟಿಗೆ ಕಟ್ಟಿ ತೆಗೆದುಕೊಂಡು ಹೋದರೆ ಆ ಒಂದೂ ಮಂಕಾಗುತ್ತದೆ.

ಬಿರುಕಿನ ವಿಷಯ ಮೊದಲು ಬಿಟ್ಟುಬಿಡಿ. ಇಬ್ಬರು ಎಂಜಿನಿಯರುಗಳ ಮಾತು ಕೇಳಿ ಒಬ್ಬರನ್ನು ನಂಬುವುದು ಟ್ರಿಬ್ಯೂನಲ್‌ನ ಕೆಲಸ. ತೀರ್ಪು ತಪ್ಪು ಅನ್ನಿಸುವುದು ಬೇರೆ, ವಿಚಾರಣೆ ನಡೆದ ರೀತಿ ತಪ್ಪು ಅನ್ನುವುದು ಬೇರೆ. ನನ್ನ ಬಳಿ ಬರುವ ಕಕ್ಷಿದಾರರು ಜಾಸ್ತಿ ಎಡವುವುದು ಇಲ್ಲೇ. ತಮ್ಮನ ಸಾಕ್ಷ್ಯವೂ ಅಷ್ಟೇ. ನೀವು ಆಗಲೇ ಹೇಳಿದ್ದನ್ನೇ ಅವರು ಮತ್ತೆ ಹೇಳುತ್ತಿದ್ದರೆ ನಿಲ್ಲಿಸುವ ಅಧಿಕಾರ ವಿಚಾರಣೆ ನಡೆಸುವ ಟ್ರಿಬ್ಯೂನಲ್ ಮೆಂಬರ್‌ಗೆ ಇರುತ್ತದೆ.

ಟ್ರಿಬ್ಯೂನಲ್ ಕೋರ್ಟಿಗಿಂತ ಸಡಿಲ, ಅದು ಹಾಗೇ ಇರಲಿ ಅಂತಲೇ ಮಾಡಿದ್ದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಮನೆ ಕಟ್ಟುವ ವ್ಯಾಜ್ಯಗಳನ್ನು ನೋಡುವ ಟ್ರಿಬ್ಯೂನಲ್‌ಗೆ 2013ರ ಕಾಯ್ದೆ ಇದೆ. ಅದರ 38ನೇ ಸೆಕ್ಷನ್ ಪ್ರಕಾರ ಸಾಕ್ಷ್ಯದ ನಿಯಮಗಳು ಅದನ್ನು ಕಟ್ಟಿಹಾಕುವುದಿಲ್ಲ, ಆದರೆ ಸಹಜ ನ್ಯಾಯ ಮೀರುವಂತಿಲ್ಲ. ಭಾರತದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ, 2016ರ 53ನೇ ಸೆಕ್ಷನ್ನಿನ ಮಾತೂ ಹೆಚ್ಚು ಕಡಿಮೆ ಇದೇ: ಮೇಲ್ಮನವಿ ಟ್ರಿಬ್ಯೂನಲ್‌ಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿವಿಲ್ ಕೋರ್ಟುಗಳ ಕಲಾಪದ ನಿಯಮಗಳ) ಕಟ್ಟುಪಾಡಿಲ್ಲ, ಸಹಜ ನ್ಯಾಯದ ತತ್ವಗಳೇ ದಾರಿ.

ಕಾಯ್ದೆಯಲ್ಲಿ ಬರೆಯದಿದ್ದರೂ ತನ್ನ ಮಾತು ಹೇಳಿಕೊಳ್ಳುವ ಈ ಹಕ್ಕು ಹೋಗುವುದಿಲ್ಲ. ಇದನ್ನು ಗಟ್ಟಿ ಮಾಡಿದ ಹಳೆಯ ತೀರ್ಪು ಒಂದು ಮನೆಯದ್ದೇ. 1863ರಲ್ಲಿ ಲಂಡನ್‌ನ ಕೂಪರ್ ಎಂಬಾತ ಮುಂಚಿತವಾಗಿ ನೋಟಿಸ್ ಕೊಡದೆ ಮನೆ ಕಟ್ಟುತ್ತಿದ್ದಾನೆ ಅಂತ ಸ್ಥಳೀಯ ಬೋರ್ಡ್ ಅದನ್ನು ಕೆಡವಿಸಿತು. ಕೆಡವುವ ಅಧಿಕಾರ ಕಾಯ್ದೆಯಲ್ಲಿತ್ತು, ಮಾಲೀಕನ ಮಾತು ಕೇಳಬೇಕು ಅಂತ ಇರಲಿಲ್ಲ. ಆದರೂ ಕೂಪರ್ ಗೆದ್ದ. ಆದಾಮನ ಮಾತು ಕೇಳದೆ ದೇವರೂ ಶಿಕ್ಷೆ ಕೊಡಲಿಲ್ಲ ಎಂಬ ಇನ್ನೂ ಹಳೆಯ ತೀರ್ಪೊಂದನ್ನು ಅಲ್ಲಿನ ನ್ಯಾಯಾಧೀಶರು ನೆನೆದರು. ಬೋರ್ಡಿನ ವಕೀಲರಿಗೆ ಅದಕ್ಕೆ ಉತ್ತರ ಹುಡುಕುವುದು ಕಷ್ಟವಾಗಿರಬೇಕು, ಅಲ್ವಾ?

ಈಗ ನಿಮ್ಮ ವರದಿಗೆ ಬರೋಣ. ತಡವಾಗಿ ಬಂತು ಅನ್ನುವುದೊಂದೇ ಸಾಲದು. ಅದರಲ್ಲಿ ಹಳೆಯ ವಾದವೇ ಇದ್ದಿದ್ದರೆ ನಿಮಗೆ ಅಷ್ಟೇನೂ ನಷ್ಟವಿರಲಿಲ್ಲ. ಆದರೆ ಇದು ಸೋರಿಕೆಗೆ ಹೊಸ ಕಾರಣ ಹೇಳುತ್ತದೆ, ತಪ್ಪನ್ನು ನಿಮ್ಮ ಮೇಲೆ ಹಾಕುತ್ತದೆ. ಆದೇಶ ತೆಗೆದು ನೋಡಿ. ನೆಲ ಕೊರೆದ ಮಾತನ್ನೇ ಆಧಾರವಾಗಿ ಇಟ್ಟುಕೊಂಡು ನಿಮ್ಮ ಅರ್ಜಿ ತಳ್ಳಿಹಾಕಿದ್ದರೆ ನಿಮ್ಮ ದೂರಿಗೆ ಜೀವ ಬರುತ್ತದೆ. ಆ ವರದಿಯನ್ನು ಬದಿಗಿಟ್ಟು ಬೇರೆ ಕಾರಣಕ್ಕೆ ತಳ್ಳಿಹಾಕಿದ್ದರೆ ಕಷ್ಟ.

ಮೇಲಿನವರು ಕೇಳುವ ಮುಂದಿನ ಪ್ರಶ್ನೆ: ಸಮಯ ಕೊಟ್ಟಿದ್ದರೆ ನೀವು ಏನು ಹೇಳುತ್ತಿದ್ದಿರಿ? ಇದಕ್ಕೆ ಕಾಗದದಲ್ಲಿ ಉತ್ತರ ಬೇಕು. ಪಾರ್ಟಿಷನ್ ಹಾಕಿದವರ ಬಿಲ್ ಹುಡುಕಿ, ತಾರೀಕು ನೋಡಿ. ಅದಕ್ಕೂ ಮುಂಚೆಯೇ ಚಾವಣಿಯ ಒದ್ದೆ ಕಲೆಯ ಫೋಟೋ ತೆಗೆದು ಕಂಟ್ರಾಕ್ಟರ್‌ಗೆ ವಾಟ್ಸಾಪ್ ಮಾಡಿದ್ದೀರಾ? ಹಾಗಿದ್ದರೆ ಕೊರೆಯುವ ಮೊದಲೇ ಸೋರುತ್ತಿತ್ತು ಅಂತಾಯಿತು, ಅವರ ವರದಿಯ ಬುಡವೇ ಅಲ್ಲಾಡುತ್ತದೆ. ಗೆದ್ದೇ ಗೆಲ್ಲುತ್ತಿದ್ದೆ ಅಂತ ನೀವು ತೋರಿಸಬೇಕಿಲ್ಲ. ಫಲಿತಾಂಶ ಬೇರೆಯಾಗುವ ಸಾಧ್ಯತೆ ಇತ್ತು ಅಂತ ತೋರಿಸಿದರೆ ಸಾಕು ಎನ್ನುವುದು ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿ ಅದೇ ಅತ್ಯುನ್ನತ ಕೋರ್ಟು) 1986ರಲ್ಲಿ ಹಿಡಿದ ದಾರಿ.

ಸಮಯ ಕೇಳಿದೆ ಅಂತೀರಿ. ಯಾವ ಮಾತಿನಲ್ಲಿ ಕೇಳಿದಿರಿ? 'ಓದೋಕೆ ಆಗಿಲ್ಲ ಸಾರ್' ಅಂದು ಸುಮ್ನೆ ಕೂತಿದ್ದರೆ ನೀವೇ ಒಪ್ಪಿ ಮುಂದುವರಿದಿರಿ ಅಂತ ಎದುರಿನವರು ವಾದಿಸುತ್ತಾರೆ. 'ಇದು ಹೊಸ ಕಾರಣ, ನಮ್ಮ ಎಂಜಿನಿಯರ್ ನೋಡಿ ಉತ್ತರ ಕೊಡಬೇಕು, ಇಲ್ಲವಾದರೆ ಈ ವರದಿಯನ್ನು ಪರಿಗಣಿಸಬೇಡಿ' ಅಂದಿದ್ದರೆ ಮಾತು ಬೇರೆ. ವಿಚಾರಣೆಯ ರೆಕಾರ್ಡಿಂಗ್ ಅಥವಾ ಆದೇಶ ಹಾಳೆಯ ಪ್ರತಿಗೆ ಇವತ್ತೇ ಅರ್ಜಿ ಹಾಕಿ. ಮೇಲ್ಮನವಿಯ ಗಡುವು ಚಿಕ್ಕದು, ಪ್ರತಿ ಬರಲಿ ಅಂತ ಕಾಯುತ್ತಾ ಅದನ್ನು ದಾಟಿಸಬೇಡಿ.

ಗೆದ್ದರೆ ಕೈಗೆ ದುಡ್ಡು ಬರುತ್ತದೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಸಿಗುವುದು ಮರುವಿಚಾರಣೆ. ಅಲ್ಲಿ ಮತ್ತೆ ಸೋಲಲೂಬಹುದು.

ಅಲ್ಲಿಯವರೆಗೆ ಬಾತ್‌ರೂಮಿನ ಟೈಲ್ಸ್ ಒಡೆಸಬೇಡಿ. ಚಾವಣಿ ಬೀಳುವ ಹಾಗಿದ್ದು ರಿಪೇರಿ ಮಾಡಿಸಲೇಬೇಕಾದರೆ, ಮುಂಚೆಯೇ ಕಂಟ್ರಾಕ್ಟರ್‌ಗೆ ಲಿಖಿತವಾಗಿ ತಿಳಿಸಿ. ಅವರ ಎಂಜಿನಿಯರ್ ಬಂದು ನೋಡಲು ದಿನ ಕೊಡಿ, ಕೊರೆದ ತೂತುಗಳ ಫೋಟೋ ಹತ್ತಿರದಿಂದ ತೆಗೆಸಿಡಿ. ಇಲ್ಲದಿದ್ದರೆ ಮರುವಿಚಾರಣೆಯಲ್ಲಿ 'ನಮಗೆ ಪರಿಶೀಲಿಸುವ ಅವಕಾಶವೇ ಸಿಗಲಿಲ್ಲ' ಎಂದು ಸಹಜ ನ್ಯಾಯದ ಮಾತು ಎತ್ತುವ ಸರದಿ ಅವರದಾಗುತ್ತದೆ.